ನೆನಪಿಲ್ಲದ ತುತ್ತು

ಏನು ತಿಂದಿರಿ? ಹೊಟ್ಟೆ ಕೆಟ್ಟು ಬಂದವರನ್ನು ವೈದ್ಯರು ಮೊದಲು ಕೇಳುವ ಪ್ರಶ್ನೆ ಇದು. 2011ರ ಮೇ ತಿಂಗಳಲ್ಲಿ ಉತ್ತರ ಜರ್ಮನಿಯ ಆಸ್ಪತ್ರೆಗಳಲ್ಲಿ ಇದನ್ನೇ ಮತ್ತೆ ಮತ್ತೆ ಕೇಳಿದರು. ಸರಿಯಾದ ಉತ್ತರ ಸಿಗಲು ಮೂರು ವಾರ ಹಿಡಿಯಿತು. ರೋಗಿಗಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವರಿಗೆ ನೆನಪಿರಲಿಲ್ಲ, ಅಷ್ಟೆ.

ಮೇ 19ರಂದು ಹ್ಯಾಂಬರ್ಗ್‌ನಿಂದ ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವ ಬರ್ಲಿನ್ನಿನ ರಾಬರ್ಟ್ ಕಾಕ್ ಸಂಸ್ಥೆಗೆ ಸುದ್ದಿ ಮುಟ್ಟಿತು: ಮೂವರು ಮಕ್ಕಳಿಗೆ ಭೇದಿಯ ಬೆನ್ನಲ್ಲೇ ಮೂತ್ರಪಿಂಡ ಕೈಕೊಟ್ಟಿದೆ. ಮರುದಿನವೇ ತಂಡ ಹೊರಟಿತು. ಸಾಮಾನ್ಯವಾಗಿ ಎಳೆಯ ಮಕ್ಕಳನ್ನು ಕಾಡುವ ಈ ತೊಂದರೆಗೆ ಈ ಸಲ ಸಿಕ್ಕಿದವರಲ್ಲಿ ವಯಸ್ಕರೇ ಹೆಚ್ಚು, ಅದರಲ್ಲೂ ಹೆಂಗಸರು. ಕಾರಣ ಇ. ಕೋಲೈ ಬ್ಯಾಕ್ಟೀರಿಯಾದ ಅಪರೂಪದ ತಳಿ, ಒ104:ಎಚ್4. ಇ. ಕೋಲೈ ನಮ್ಮೆಲ್ಲರ ಕರುಳಿನಲ್ಲಿ ಇರುವಂಥದ್ದೇ, ಬಹುಪಾಲು ನಿರುಪದ್ರವಿ. ಈ ತಳಿ ಮಾತ್ರ ಕರುಳಿನ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡು ಶಿಗಾ ಎಂಬ ವಿಷವನ್ನು ಬಿಡುತ್ತದೆ. ಅದು ರಕ್ತಕ್ಕೆ ಇಳಿದರೆ ಕೆಂಪು ಕಣಗಳು ಒಡೆಯುತ್ತವೆ, ಮೂತ್ರಪಿಂಡ ಸೋಲುತ್ತದೆ. ಜುಲೈ ಕೊನೆಗೆ ಹಾವಳಿ ಮುಗಿಯಿತೆಂದು ಸಾರುವ ಹೊತ್ತಿಗೆ ಜರ್ಮನಿಯ ಲೆಕ್ಕದಲ್ಲೇ 3,842 ಜನ ಕಾಯಿಲೆ ಬಿದ್ದಿದ್ದರು, ಅವರಲ್ಲಿ 855 ಮಂದಿಯ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. 53 ಜನ ತೀರಿಕೊಂಡರು.

ಇಷ್ಟು ದೊಡ್ಡ ಹಾವಳಿಯ ಮೂಲ ಒಂದು ಚಿಟಿಕೆ ಮೊಳಕೆಕಾಳು. ಊಟದ ತಟ್ಟೆಯ ಮೇಲೆ ಅಂದಕ್ಕೆ ಉದುರಿಸಿದ್ದು, ಸಲಾಡ್‌ನೊಳಗೆ ಬೆರೆತು ಹೋದದ್ದು. ಮೊದಲು ವಿವರವಾಗಿ ಮಾತಾಡಿಸಿದ 12 ರೋಗಿಗಳಲ್ಲಿ ಮೊಳಕೆ ತಿಂದ ನೆನಪು ಇದ್ದದ್ದು ಮೂವರಿಗೆ ಮಾತ್ರ. ಟೊಮೆಟೊ, ಸೌತೆಕಾಯಿ, ಸಲಾಡ್ ಸೊಪ್ಪು ಹೆಚ್ಚಿನವರಿಗೆ ನೆನಪಿತ್ತು. ನೆನಪಿದ್ದುದರ ಮೇಲೆಯೇ ಮೊದಲ ಎಚ್ಚರಿಕೆಯೂ ಹೊರಟಿತು: ಉತ್ತರ ಜರ್ಮನಿಯಲ್ಲಿ ಈ ಮೂರನ್ನೂ ಹಸಿಯಾಗಿ ತಿನ್ನಬೇಡಿ.

ನನ್ನನ್ನು ಬಹುಕಾಲ ಕಾಡಿರುವುದು ಈ ಮರೆವು. ಒಂದು ತುತ್ತಿನೊಳಗೆ ಎಷ್ಟು ಅಪರಿಚಿತರ ಕೈಗಳಿವೆ! ಬಿತ್ತಿದವರು, ಮೂಟೆ ಕಟ್ಟಿದವರು, ಹಡಗಿಗೆ ಏರಿಸಿದವರು, ನೆನೆಸಿ ಮೊಳಕೆ ಬರಿಸಿದವರು, ಕೊನೆಗೆ ತಟ್ಟೆಯ ಮೇಲೆ ಉದುರಿಸಿದ ಅಡುಗೆಯವರು. ಇವರೊಬ್ಬರನ್ನೂ ನೆನೆಯದೆ ನಾವು ಉಣ್ಣುತ್ತೇವೆ. ನೆನೆಯುತ್ತ ಕೂತರೆ ಉಣ್ಣಲಾಗುವುದಿಲ್ಲ. ಮನೆಯ ಹಿತ್ತಲಿನ ಸೊಪ್ಪು ಉಣ್ಣುತ್ತಿದ್ದ ಕಾಲದಲ್ಲಿ ಈ ನೆನಪನ್ನು ಮನೆಯೇ ಹೊತ್ತಿತ್ತು. ದಾರಿ ಮೂರು ಖಂಡಗಳಷ್ಟು ಉದ್ದವಾದ ಮೇಲೆ ಯಾರಾದರೂ ಅದನ್ನು ನಮ್ಮ ಪರವಾಗಿ ಹೊರಬೇಕು. ಆಹಾರದ ವಿಷಯದಲ್ಲಿ ಸರ್ಕಾರದ ಆಳವಾದ ಕೆಲಸ ಇದೇ ಎಂದು ನನಗೆ ಅನ್ನಿಸುತ್ತದೆ. ದಾಳಿ ಮಾಡುವುದು, ದಂಡ ಹಾಕುವುದು ಅದಕ್ಕಿಂತ ಮೇಲುಪದರದ ಕೆಲಸಗಳು.

ಆದರೆ ಸರ್ಕಾರ ಮಾತನ್ನೂ ಆಡಬೇಕಾಗುತ್ತದೆ, ಅದೂ ಪೂರ್ತಿ ತಿಳಿಯುವ ಮೊದಲೇ. ಮೇ 26ರಂದು ಹ್ಯಾಂಬರ್ಗಿನ ಆರೋಗ್ಯ ಸಚಿವೆ ಸ್ಪೇನ್‌ನಿಂದ ಬಂದ ಸೌತೆಕಾಯಿಯಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಸಿಕ್ಕಿದೆ ಎಂದು ಪ್ರಕಟಿಸಿದರು. ಸಿಕ್ಕಿದ್ದು ನಿಜ. ಕೆಲವೇ ದಿನಗಳಲ್ಲಿ ಗೊತ್ತಾದದ್ದು, ಅದು ಬೇರೆ ತಳಿ ಎಂದು. ಅಷ್ಟರೊಳಗೆ ದಕ್ಷಿಣ ಸ್ಪೇನ್‌ನ ಅಂದಲೂಸಿಯಾದ ತರಕಾರಿಯನ್ನು ಯೂರೋಪಿನಲ್ಲಿ ಕೇಳುವವರಿರಲಿಲ್ಲ. ವಾರಕ್ಕೆ 20 ಕೋಟಿ ಯೂರೋ ನಷ್ಟ ಎಂದು ಸ್ಪೇನ್‌ನ ಬೆಳೆಗಾರರ ಸಂಘಟನೆ ಹೇಳಿತು. ರಷ್ಯಾ ಯೂರೋಪಿನ ಹಸಿ ತರಕಾರಿಯನ್ನೇ ನಿಷೇಧಿಸಿತು. ಕೊನೆಗೆ ಯೂರೋಪಿಯನ್ ಒಕ್ಕೂಟ ಹಲವು ದೇಶಗಳ ಬೆಳೆಗಾರರಿಗೆ 20 ಕೋಟಿಗೂ ಹೆಚ್ಚು ಯೂರೋ ಪರಿಹಾರ ಕೊಡಬೇಕಾಯಿತು.

ಆ ಸಚಿವೆಯನ್ನು ದೂರುವುದು ಸುಲಭ. ನಾನು ದೂರಲಾರೆ. ಆಸ್ಪತ್ರೆಗೆ ದಿನವೂ ಹೊಸ ರೋಗಿಗಳು ಬರುತ್ತಿರುವಾಗ ಕೈಯಲ್ಲಿದ್ದ ಪ್ರಯೋಗಾಲಯದ ಫಲಿತಾಂಶವನ್ನು ಅವರು ಬಚ್ಚಿಟ್ಟಿದ್ದರೆ, ಅದೇ ಸೌತೆಕಾಯಿ ಮೂಲವಾಗಿದ್ದರೆ? ಸುಮ್ಮನಿದ್ದರೆ ಜೀವ ಹೋಗುತ್ತದೆ, ಅವಸರಿಸಿದರೆ ಬದುಕು ಹಾಳಾಗುತ್ತದೆ. ಎರಡಕ್ಕೂ ಹೊಣೆ ಹೊರಬೇಕಾದ ಜಾಗದಲ್ಲಿ ಕೂತವರಿಗೆ ತಪ್ಪುವ ಹಕ್ಕನ್ನು ನಾವು ಕೊಡಲೇಬೇಕು. ಅದಕ್ಕೆ ಪ್ರತಿಯಾಗಿ ಒಂದನ್ನು ಕೇಳಬೇಕು: ಆರೋಪ ಹೊರಿಸಿದ ದನಿ ಎಷ್ಟು ಜೋರಾಗಿತ್ತೋ, ತಿದ್ದುಪಡಿಯ ದನಿಯೂ ಅಷ್ಟೇ ಜೋರಾಗಿರಲಿ. ಅಂದಲೂಸಿಯಾದ ರೈತನಿಗೆ ಆ ಎರಡನೆಯ ದನಿ ತಡವಾಗಿ, ಸಣ್ಣದಾಗಿ ಕೇಳಿಸಿತು.

ಗಂಟು ಬಿಚ್ಚಿದ ಬಗೆ ಮಾತ್ರ ಸುಂದರವಾಗಿದೆ. ತನಿಖೆಯವರು ತಿಂದವರನ್ನು ಕೇಳುವುದನ್ನು ಬಿಟ್ಟು ಅಡುಗೆಮನೆಗೆ ಹೋದರು. ಹಲವರು ಕಾಯಿಲೆ ಬಿದ್ದಿದ್ದ ಒಂದೇ ರೆಸ್ಟೋರೆಂಟಿನಲ್ಲಿ ಗುಂಪಾಗಿ ಊಟ ಮಾಡಿದವರ ಆರ್ಡರ್ ಚೀಟಿ, ಬಿಲ್ಲು, ಊಟದ ಫೋಟೊಗಳನ್ನು ಕೂಡಿಸಿದರು. ಯಾವ ತಿನಿಸಿಗೆ ಏನೇನು, ಎಷ್ಟೆಷ್ಟು ಹಾಕುತ್ತೀರಿ ಎಂದು ಅಡುಗೆಯವರಿಂದ ಬರೆಸಿಕೊಂಡರು. ಆಗ ಚಿತ್ರ ತಿಳಿಯಾಯಿತು. ಮೊಳಕೆ ಬಡಿಸಿಕೊಂಡವರಿಗೆ ಕಾಯಿಲೆಯ ಸಂಭವ ಉಳಿದವರಿಗಿಂತ 14 ಪಟ್ಟು ಹೆಚ್ಚು. ಕಾಯಿಲೆ ಬಿದ್ದವರೆಲ್ಲರ ತಟ್ಟೆಯಲ್ಲೂ ಮೊಳಕೆ ಇತ್ತು. ತಿಂದವರು ಮರೆತದ್ದು ಅಡುಗೆಯವರ ಕೈಗೆ ನೆನಪಿತ್ತು.

ಅಲ್ಲಿಂದ ಹಿಂದೆ ಹಿಂದೆ ಹೋದರೆ ಲೋವರ್ ಸ್ಯಾಕ್ಸನಿಯ ಬೀನೆನ್‌ಬ್ಯುಟೆಲ್ ಎಂಬ ಊರಿನ ಸಾವಯವ ತೋಟ. ಜೂನ್ 10ರಂದು ಮೊಳಕೆಯೇ ಮೂಲವೆಂದು ಅಧಿಕೃತವಾಗಿ ಹೇಳಿದರು. ಅದೇ ತಿಂಗಳು ಫ್ರಾನ್ಸಿನ ಬೋರ್ಡೋ ಬಳಿ ಬೇರೆಯೇ ಬೀಜದಂಗಡಿಯ ಮೊಳಕೆ ತಿಂದವರಿಗೂ ಇದೇ ತಳಿ ತಗುಲಿತು. ಎರಡೂ ದಾರಿಗಳು ಕೂಡುವ ಜಾಗ ಹುಡುಕಿದಾಗ ಸಿಕ್ಕಿದ್ದು ಈಜಿಪ್ಟಿನಿಂದ ಬಂದ ಮೆಂತ್ಯ. ಹೌದು, ನಮ್ಮ ಒಗ್ಗರಣೆ ಡಬ್ಬಿಯ ಮೆಂತ್ಯವೇ. ಆದರೆ ಮೆಂತ್ಯದ ಕಾಳಿನಲ್ಲಿ ಆ ಬ್ಯಾಕ್ಟೀರಿಯಾ ಕೊನೆಯವರೆಗೂ ಸಿಗಲಿಲ್ಲ. ಈಜಿಪ್ಟ್ ಆರೋಪವನ್ನು ಒಪ್ಪಲಿಲ್ಲ. ಜರ್ಮನಿಯ ತೋಟದವರು ಯಾವ ನಿಯಮವನ್ನೂ ಮೀರಿರಲಿಲ್ಲ. ಅಲ್ಲಿನ ಕೆಲಸಗಾರರಲ್ಲೂ ಕೆಲವರಿಗೆ ಸೋಂಕು ತಗುಲಿತ್ತು. ಕಾಳು ಮೊಳೆಯಲು ಬೇಕಾದ ತೇವ, ಬೆಚ್ಚಗಿನ ಗಾಳಿ, ಕೆಲವು ದಿನಗಳ ಬಿಡುವು ಇವೇ ಬ್ಯಾಕ್ಟೀರಿಯಾ ಬೆಳೆಯಲೂ ಸಾಕು.

53 ಸಾವಿಗೆ ಕೈಕೋಳ ತೊಡಿಸಲು ಒಬ್ಬ ಅಪರಾಧಿಯೂ ಇಲ್ಲ. ಮನಸ್ಸು ಇದನ್ನು ಒಪ್ಪುವುದು ಕಷ್ಟ. ಯಾರಾದರೂ ಕಲಬೆರಕೆ ಮಾಡಿರಬೇಕು, ಯಾರಾದರೂ ಲಂಚ ತಿಂದಿರಬೇಕು ಎಂದು ಅದು ಹುಡುಕುತ್ತದೆ. ತಪ್ಪಿತಸ್ಥರು ಇರುವ ಪ್ರಕರಣಗಳೂ ಉಂಟು, ಅಲ್ಲಿ ಶಿಕ್ಷೆಯಾಗಲಿ. ಆದರೆ ಅಪರಾಧಿಯಿಲ್ಲದ ಕಡೆಯಲ್ಲೂ ಹೊಣೆ ಎಂಬುದೊಂದು ಉಳಿಯುತ್ತದೆ. ಯೂರೋಪ್ ಅದನ್ನು ಗುರುತಿಸಿತು. 2013ರಲ್ಲಿ ಮೊಳಕೆ ಬರಿಸುವ ಬೀಜದ ಜಾಡು ಹಿಡಿಯಲು ಹೊಸ ನಿಯಮಗಳು ಬಂದವು. ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ಬರ್ಲಿನ್ನಿಗೆ ರೋಗದ ಸುದ್ದಿ ತೆವಳುತ್ತಿದ್ದುದನ್ನು ಕಂಡು ಜರ್ಮನಿ ಅದೇ ವರ್ಷ ಕಾನೂನು ತಿದ್ದಿ ಆ ದಾರಿಯನ್ನು ಚುರುಕುಗೊಳಿಸಿತು.

ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2006ರದು. ಅದರ ನಿಯಮಗಳು ಜಾರಿಯಾದದ್ದು ಜರ್ಮನಿ ಆ ಸಂಕಟದಿಂದ ಹೊರಬಂದ ಬೆನ್ನಲ್ಲೇ, 2011ರ ಆಗಸ್ಟಿನಲ್ಲಿ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಕಾಟನ್ ಕ್ಯಾಂಡಿಗೆ ರೋಡಮೈನ್-ಬಿ ಎಂಬ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ಬಣ್ಣ ಕಣ್ಣಿಗೆ ಬೀಳುತ್ತದೆ, ನಿಷೇಧ ಸುದ್ದಿಯಾಗುತ್ತದೆ. ಮದುವೆಮನೆಯ ಕೋಸಂಬರಿಯಲ್ಲಿ ಸೌತೆಕಾಯಿಯೂ ಇದೆ, ನೆನೆದ ಕಾಳೂ ಇದೆ; ಅಲ್ಲಿ ಬೆಳೆಯಬಹುದಾದ ಬ್ಯಾಕ್ಟೀರಿಯಾಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆ ಕಾಯಿದೆಯ 35ನೆಯ ಸೆಕ್ಷನ್ನನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ವಿಷಾಹಾರದ ಪ್ರಕರಣ ಕಂಡ ವೈದ್ಯರು ಅದನ್ನು ವರದಿ ಮಾಡಬೇಕೆಂದು ಆಹಾರ ಪ್ರಾಧಿಕಾರ ಅಧಿಸೂಚನೆ ಹೊರಡಿಸಬಹುದು ಎನ್ನುತ್ತದೆ ಅದು. ಹೊರಡಿಸಬಹುದು. ಊಟದಿಂದ ಜನ ಹಾಸಿಗೆ ಹಿಡಿದ ಊರಿನಲ್ಲಿ ಮರುದಿನಕ್ಕೆ ಚಪ್ಪರ ಬಿಚ್ಚಿರುತ್ತದೆ, ಪಾತ್ರೆ ತೊಳೆದಿರುತ್ತದೆ, ಉಳಿದದ್ದು ದನಕ್ಕೆ ಹೋಗಿರುತ್ತದೆ. ಉಂಡವರಿಗೆ ಪಾಯಸ ನೆನಪಿರುತ್ತದೆ. ಆ ಹೊತ್ತಿಗೆ ಬಾಣಸಿಗರನ್ನೂ ಬಡಿಸಿದವರನ್ನೂ ಕೂರಿಸಿ, ಯಾವ ನೀರು, ಯಾವ ಅಂಗಡಿಯ ಕಾಳು, ಎಷ್ಟು ಹೊತ್ತು ನೆನೆಸಿಟ್ಟಿರಿ ಎಂದು ಬೈಯದೆ ಕೇಳಿ ಬರೆದುಕೊಳ್ಳುವವರು ಯಾರು, ಆ ಹಾಳೆ ಯಾವ ಮೇಜಿಗೆ, ಎಷ್ಟು ಗಂಟೆಯೊಳಗೆ ತಲುಪಬೇಕು ಎಂಬುದನ್ನು ಪ್ರತಿ ತಾಲ್ಲೂಕಿಗೂ ಕಡ್ಡಾಯವಾಗಿ ಗೊತ್ತುಮಾಡಬೇಕು.