ಭೃತ್ಯಾಚಾರವೂ ಭೃತಿಯೂ

ರೋಗಿಯ ಶುಶ್ರೂಷೆಯು ಕಾಯಕಗಳಲ್ಲೆಲ್ಲ ಪವಿತ್ರವಾದುದೆಂದು ನಾವು ಕೊಂಡಾಡುತ್ತೇವೆ. ಆದರೂ ನಮ್ಮ ನಾಡಿನ ಆಸ್ಪತ್ರೆಗಳಲ್ಲಿ ಅನೇಕ ದಾದಿಯರೂ ಪರಿಚಾರಕರೂ ಕೆಲಸ ಬಿಡುವ ಯೋಚನೆಯಲ್ಲಿರುವರು. ಕೊಲ್ಲಿ ನಾಡುಗಳಿಗೆ ತೆರಳಿದವರೂ ಉಂಟು. ಇದನ್ನು ಕಂಡು ಕೆಲವು ಹಿರಿಯರು "ಇವರು ಭೃತ್ಯಾಚಾರವನ್ನರಿಯರು" ಎಂದು ಆಕ್ಷೇಪಿಸುವರು. ಈ ಆಕ್ಷೇಪವನ್ನು ಶರಣತತ್ತ್ವದ ಒರೆಗೆ ಹಚ್ಚಿ ನೋಡುವುದು ಅವಶ್ಯ.

ಮೊದಲು ಕಾರಣಗಳನ್ನು ತಿಳಿಯೋಣ. ಮೂವರ ಕೆಲಸ ಒಬ್ಬರ ತಲೆಯ ಮೇಲೆ ಬೀಳುವುದು, ಎಡೆಬಿಡದ ರಾತ್ರಿಪಾಳಿ, ವರುಷಗಟ್ಟಲೆ ಗುತ್ತಿಗೆಯ ನೇಮಕ, ಅಲ್ಪ ವೇತನ, ರೋಗಿಯ ಬಂಧುಗಳ ಬೈಗುಳು, ಒಮ್ಮೊಮ್ಮೆ ಹೊಡೆತ. ಇವು ಕಲ್ಪಿತ ದೂರುಗಳಲ್ಲ. ವೈದ್ಯಸಿಬ್ಬಂದಿಯ ಮೇಲಣ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಯನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು. 50 ಹಾಸಿಗೆಗಳಿಗಿಂತ ಚಿಕ್ಕ ಆಸ್ಪತ್ರೆಯಲ್ಲಿಯೂ ತಿಂಗಳ ವೇತನ 20,000 ರೂಪಾಯಿಗೆ ಕಡಿಮೆಯಿರಬಾರದೆಂದು ಆ ಸಮಿತಿ ಶಿಫಾರಸು ಮಾಡಿತು.

ಇನ್ನು ತತ್ತ್ವವಿಚಾರ. ಭೃತ್ಯ ಎಂಬ ಶಬ್ದವು ಭರಿಸು, ಪೋಷಿಸು ಎಂಬರ್ಥದ 'ಭೃ' ಧಾತುವಿನಿಂದ ಹುಟ್ಟಿದುದು. ಪೋಷಣೆಗೆ ಅರ್ಹನಾದವನೇ ಭೃತ್ಯನು; ಆತನಿಗೆ ಸಲ್ಲತಕ್ಕುದೇ ಭೃತಿ. ಹೀಗೆ ಆ ಶಬ್ದದೊಳಗೇ ಒಡೆಯನ ಹೊಣೆ ಅಡಗಿದೆ. ಮೇಲಾಗಿ ಭೃತ್ಯಾಚಾರವೆಂಬುದು ಭಕ್ತನು ತಾನಾಗಿ ಒಪ್ಪಿ ನಡೆಸುವ ವಿನಯ. ಅದನ್ನು ಪರರಿಂದ ಕಂದಾಯದಂತೆ ವಸೂಲು ಮಾಡಲಾಗದು. ದಾಸೋಹವನ್ನೂ ನಮ್ಮ ದುಡಿಮೆಯಿಂದಲೇ ಮಾಡತಕ್ಕುದು. ಇನ್ನೊಬ್ಬರ ನಿದ್ದೆಯನ್ನೂ ಕೂಲಿಯನ್ನೂ ಕಸಿದು ಮಾಡಿದ ಸೇವೆ ಶಿವನಿಗೆ ಸಲ್ಲದು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಮೂವರ ದುಡಿಮೆಯನ್ನು ಒಬ್ಬರಿಂದ ಪಡೆಯುವ ಆಸ್ಪತ್ರೆಯ ಕಣಜದಲ್ಲಿಯೂ ಅಂತಹ ಅಕ್ಕಿಯಿದೆ. ಲಕ್ಕಮ್ಮನವರ ಮಾತು ದಾದಿಗೂ ಅನ್ವಯಿಸುವುದು ನಿಜ. ಬರಿಯ ಹಣದಾಸೆಗೆ ರೋಗಿಯನ್ನು ನಡುವೆ ಕೈಬಿಡುವುದು ಧರ್ಮವಲ್ಲ. ಆದರೆ ದಣಿದ ಕೈಯಿಂದ ಮದ್ದು ತಪ್ಪೀತೆಂದು ಅಂಜಿ ಹೊರಡುವವರನ್ನು ಕಾಯಕಭ್ರಷ್ಟರೆನ್ನಲಾಗದು. ಕಾಯಕವು ಸತ್ಯಶುದ್ಧವಾಗಿರಬೇಕೆಂಬ ಕಳವಳವೇ ಅವರನ್ನು ಹೊರಡಿಸಿದೆ. ಕಾಯವೇ ಕುಸಿದ ಮೇಲೆ ಕಾಯಕವೆಲ್ಲಿಯದು?

ನಮ್ಮ ಸದ್ಭಕ್ತರಲ್ಲಿ ಆಸ್ಪತ್ರೆ ನಡೆಸುವವರೂ ಆಡಳಿತ ಮಂಡಲಿಗಳಲ್ಲಿರುವವರೂ ಇದ್ದಾರೆ. ಅವರು ಇಷ್ಟಲಿಂಗದೆದುರು ಕುಳಿತಾಗ ತಮ್ಮ ಭೃತ್ಯರ ಭೃತಿಯ ಲೆಕ್ಕವನ್ನೂ ಒಮ್ಮೆ ನೆನೆಯಲಿ. ರೋಗಿಯ ಮಂಚದ ಬಳಿ ನಿಲ್ಲುವ ನಾವೆಲ್ಲರೂ ದಾದಿಯರನ್ನು ಬಹುವಚನದಿಂದ ಮಾತನಾಡಿಸೋಣ. ಇಷ್ಟನ್ನಾದರೂ ಮಾಡಿದ ಬಳಿಕವೇ, ಬಿಟ್ಟು ಹೋಗುವವರಲ್ಲಿ ಭೃತ್ಯಾಚಾರವಿದೆಯೇ ಎಂದು ಕೇಳುವ ಅಧಿಕಾರ ನಮಗೆ ಬರುವುದು.