ಊಟಕ್ಕೆ ಮುಂಚಿನ ಕಹಿ

ಯುಗಾದಿಯ ದಿನ ವಿಜಯಪುರ ಜಿಲ್ಲೆಯ ಝಳಕಿಯ ಸೀಮೆಯಲ್ಲಿ ಬೇವನ್ನು ಕುಡಿಯುತ್ತಾರೆ. ಮೈಸೂರಿನ ಕಡೆಯವರ ಹಾಗೆ ಚಿಟಿಕೆ ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು ಮುಗಿಸುವುದಿಲ್ಲ. ಹುಣಸೆಹಣ್ಣು ಕಿವುಚಿದ ನೀರಿಗೆ ಬೆಲ್ಲ ಕರಗಿಸಿ, ಪುಟಾಣಿ ಹಿಟ್ಟು, ಹೆಚ್ಚಿದ ಮಾವಿನಕಾಯಿ, ಒಣಕೊಬ್ಬರಿ, ಒಣದ್ರಾಕ್ಷಿ ಬೆರೆಸಿ, ಮೇಲೆ ಬೇವಿನ ಹೂ ಉದುರಿಸುತ್ತಾರೆ. ಆ ಪಾನಕಕ್ಕೇ ಬೇವು ಎಂದು ಹೆಸರು. ಪೂಜೆ ಮುಗಿದು ಹೋಳಿಗೆಯ ತಾಟು ಮುಂದೆ ಬರುವ ಮೊದಲು ವಾಟಗದ ತುಂಬ ಅದು ಕೈಗೆ ಬರುತ್ತದೆ. ಓಣಿಯಲ್ಲಿ ಹೋಗುವವರನ್ನೂ ಬಿಡುವುದಿಲ್ಲ: “ಬರ್ರಿ, ಬೇವು ಕುಡದ ಹೋಗ್ರಿ.” ಬೆಲ್ಲವೇ ಹೆಚ್ಚಿದ್ದರೂ ಕರೆಯುವುದು ಕಹಿಯ ಹೆಸರು ಹಿಡಿದು.

ಊಟಕ್ಕೆ ಮುಂಚೆ ಕಹಿ ಕುಡಿಯುವ ಇನ್ನೊಂದು ಲೋಕವಿದೆ. ಇಟಲಿ, ಫ್ರಾನ್ಸ್‌ಗಳಲ್ಲಿ ಹೊತ್ತು ಇಳಿಯುವಾಗ, ರಾತ್ರಿಯೂಟಕ್ಕೆ ಇನ್ನೂ ತಾಸು ಇರುವಾಗ, ಅಪೆರಿಟಿಫ್ ಎಂಬ ಪೇಯ ಹಿಡಿದು ಕೂಡುತ್ತಾರೆ. ಹಸಿವೆಯ ಬಾಗಿಲು ತೆರೆಯುವುದು ಅದರ ಕೆಲಸ. 1786ರಲ್ಲಿ ಟ್ಯೂರಿನ್‌ನ ಆಂಟೋನಿಯೊ ಬೆನೆಡೆಟ್ಟೊ ಕಾರ್ಪಾನೊ ದ್ರಾಕ್ಷಾರಸಕ್ಕೆ ಗಿಡಮೂಲಿಕೆಗಳನ್ನು ಸೇರಿಸಿ ವರ್ಮುತ್ ಮಾರತೊಡಗಿದ. 1846ರಲ್ಲಿ ಪ್ಯಾರಿಸ್ಸಿನ ಜೋಸೆಫ್ ಡುಬೊನೆ, ಮಲೇರಿಯಾ ಪೀಡಿತ ಸೀಮೆಗಳಿಗೆ ಹೋಗುವ ಸೈನಿಕರ ಗಂಟಲಲ್ಲಿ ಕ್ವಿನೈನ್ ಇಳಿಯಲೆಂದು ಅದನ್ನು ಸಿಹಿ ದ್ರಾಕ್ಷಾರಸದಲ್ಲಿ ಬೆರೆಸಿದ. 1860ರಲ್ಲಿ ಗಾಸ್ಪಾರೆ ಕಾಂಪಾರಿಯ ಕೆಂಪು ಕಹಿ ಬಂತು. 1889ರ ಸೂಜ್ ಎಂಬ ಪೇಯದಲ್ಲಿ ಜೆನ್ಷಿಯನ್ ಎಂಬ ಬೆಟ್ಟದ ಗಿಡದ ಬೇರಿನ ಕಹಿ. 1919ರಲ್ಲಿ ಪಾಡುವಾದ ಬಾರ್ಬಿಯೇರಿ ಸಹೋದರರು ತಂದ ಅಪೆರೋಲ್ ಇವೆಲ್ಲಕ್ಕಿಂತ ಸೌಮ್ಯ. ಇವುಗಳಲ್ಲಿ ಹಲವು ವೈದ್ಯರ ಮದ್ದಿನ ಕುಲದವು. ರೋಗದ ಭಯ ಹಿಂದೆ ಸರಿದ ಮೇಲೂ ನಾಲಿಗೆ ಆ ಕಹಿಯನ್ನು ಬಿಟ್ಟುಕೊಡಲಿಲ್ಲ.

ನನ್ನನ್ನು ಕಾಡುವುದು ಇದೇ. ಕಹಿ ಎಂದರೆ ವಿಷವಿರಬಹುದು ಎಂದು ದೇಹ ಹುಟ್ಟಿನಿಂದಲೇ ಬಲ್ಲದು. ಕೂಸು ಮುಖ ಕಿವಿಚಿ ಉಗುಳುತ್ತದೆ. ಸಿಹಿಯನ್ನು ಗುರುತಿಸಲು ನಾಲಿಗೆಗೆ ಒಂದೇ ಬಗೆಯ ಗ್ರಾಹಕ ಸಾಕಾದರೆ, ಕಹಿಗೆ ಸುಮಾರು 25 ಬಗೆಯವು ಕಾವಲಿವೆ. ಇಷ್ಟು ಕಾವಲಿರುವ ರುಚಿಯನ್ನೇ ಮನುಷ್ಯ ಅನ್ನಕ್ಕಿಂತ ಮುಂಚೆ ಒಳಗೆ ಬಿಟ್ಟುಕೊಂಡದ್ದೇಕೆ? ಚರಕಸಂಹಿತೆ ಕಹಿಯ ಬಗ್ಗೆ ಹೇಳುವ ಮಾತು ನನಗೆ ಬಹಳ ದೊಡ್ಡದೆನಿಸುತ್ತದೆ: ಅದು ತಾನು ರುಚಿಸುವುದಿಲ್ಲ, ಆದರೆ ಅರುಚಿಯನ್ನು ಕಳೆಯುತ್ತದೆ. ತಾನು ಬೇಡವಾಗಿಯೇ ಉಳಿದು, ಉಳಿದದ್ದನ್ನೆಲ್ಲ ಬೇಕಾಗಿಸುವ ರಸ ಅದು. ಟ್ಯೂರಿನ್‌ನ ಅಂಗಡಿಯವನಿಗೆ ಚರಕ ಗೊತ್ತಿರಲಿಕ್ಕಿಲ್ಲ. ಇಬ್ಬರಿಗೂ ಅದನ್ನು ಕಲಿಸಿದ್ದು ಹೊಟ್ಟೆಯೇ ಇರಬೇಕು.

ಗಿಡಗಳಲ್ಲೂ ನಂಟಿದೆ. ವರ್ಮುತ್‌ಗೆ ಹೆಸರು ಕೊಟ್ಟ ವರ್ಮ್‌ವುಡ್ ಸೇರಿರುವುದು ಆರ್ಟೆಮಿಸಿಯಾ ಎಂಬ ಸಸ್ಯಕುಲಕ್ಕೆ. ನಮ್ಮ ದವನವೂ ಅದೇ ಕುಲದ್ದು. ಯುಗಾದಿಯಾಗಿ ಹದಿನೈದು ದಿನಕ್ಕೆ ದವನದ ಹುಣ್ಣಿಮೆ ಬರುತ್ತದೆ. ಅಲ್ಲಿ ಸೀಸೆ ಸೇರಿದ ಕುಲ ಇಲ್ಲಿ ದೇವರ ಮುಡಿ ಸೇರಿತು. ಮದ್ಯಸಾರ ಕಹಿಯನ್ನು ಬೇರಿನಿಂದ, ತೊಗಟೆಯಿಂದ ಎಳೆದು ತೆಗೆದು ವರ್ಷಗಟ್ಟಲೆ ಕಾಪಾಡುತ್ತದೆ. ಹೀಗಾಗಿ ಅಲ್ಲಿಯ ಕಹಿಗೆ ಋತುವಿಲ್ಲ, ಬೇಕೆಂದ ಸಂಜೆ ಸಿಗುತ್ತದೆ. ಹುಣಸೆನೀರಿಗೆ ಆ ಶಕ್ತಿಯಿಲ್ಲ. ಬೇವು ಹೂ ಬಿಟ್ಟಾಗ ಕುಡಿಯಬೇಕು, ಸಂಜೆಯೊಳಗೆ ಪಾತ್ರೆ ಬರಿದಾಗಬೇಕು. ಕಹಿಗೂ ಒಂದು ಕಾಲವಿರುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ದಿನಾ ಸಿಗುವ ಕಹಿ ಚಟವಾಗಬಹುದು, ಅದರಲ್ಲೂ ಮದ್ಯ ಬೆರೆತದ್ದು. ವರ್ಷಕ್ಕೊಮ್ಮೆ ಬರುವುದನ್ನು ಎದುರುಗೊಳ್ಳಬೇಕಾಗುತ್ತದೆ.

ಆದರೆ ಈ ನೆಲದಲ್ಲಿ ನಿಂತು ಹಸಿವೆಯನ್ನು ತೆರೆಯುವ ಮಾತಾಡುವುದು ಸುಲಭವಲ್ಲ. ಆಗ ಕಲಾದಗಿ ಎಂದು ಕರೆಸಿಕೊಳ್ಳುತ್ತಿದ್ದ ಈ ಜಿಲ್ಲೆಯನ್ನು 1876–78ರ ಬರ ಬಡಿದು ಹಾಕಿತು, ಊರುಗಳು ಬರಿದಾದವು. ಅದೇ ದಶಕಗಳಲ್ಲಿ ಮಿಲಾನಿನ, ಪ್ಯಾರಿಸ್ಸಿನ ಕಾಫಿ ಅಂಗಡಿಗಳಲ್ಲಿ ಜನ ಹಸಿವೆಯನ್ನು ಕೊಂಡು ಕುಡಿಯುತ್ತಿದ್ದರು. ಅವರನ್ನು ನಾನು ದೂರುತ್ತಿಲ್ಲ. ಊಟ ಬಂದೇ ಬರುತ್ತದೆ ಎಂಬ ಭರವಸೆ ಇದ್ದಲ್ಲಿ ಮಾತ್ರ ಹಸಿವೆ ಸುಖವಾಗುತ್ತದೆ ಎಂಬುದನ್ನು ಮರೆಯಬಾರದು, ಅಷ್ಟೆ. ಭರವಸೆ ಇಲ್ಲದಲ್ಲಿ ಅದಕ್ಕೆ ಬಾಗಿಲೇ ಬೇಕಿಲ್ಲ, ಗೋಡೆ ಒಡೆದುಕೊಂಡು ಬರುತ್ತದೆ.

ಹಾಗಾದರೆ ಇಲ್ಲಿಯವರು ಬೇವನ್ನು ಕುಡಿಯುವುದು ಯಾವಾಗ? ಹಿಂಗಾರಿ ಬಿಳಿಜೋಳದ ರಾಶಿ ಮುಗಿದು ಕಾಳು ಮನೆಗೆ ಬಂದ ಮೇಲೆ. ಯುಗಾದಿ ಈ ಸೀಮೆಯ ಒಕ್ಕಲಿಗೆ ಚೀಲ ತುಂಬಿದ ಹೊತ್ತು, ಹೊಲ ಬರಿದಾದ ಹೊತ್ತು ಕೂಡ. ಮುಂಗಾರಿಗೆ ಇನ್ನೂ ಎರಡು ತಿಂಗಳು ಬಿಸಿಲು ಕಾಯಬೇಕು. ಅಂದಮೇಲೆ ಇದು ಹಸಿವೆ ಕೆರಳಿಸುವ ಕಹಿಯಲ್ಲ ಎಂದು ನನಗನಿಸುತ್ತದೆ. ಅಪೆರಿಟಿಫ್ ಕುಡಿಯುವವನ ಕಣ್ಣು ಒಂದು ತಾಸಿನಾಚೆಯ ಊಟದ ಮೇಲಿರುತ್ತದೆ. ಬೇವು ಕುಡಿಯುವವನ ಕಣ್ಣು ಇಡೀ ವರ್ಷದ ಮೇಲೆ. ತುಂಬಿದ ಮನೆಯಲ್ಲಿ ಕೂತು, ಬರಿದಾಗಬಹುದಾದ ದಿನವನ್ನು ಒಂದು ಗುಟುಕಿನಷ್ಟು ಮೊದಲೇ ನುಂಗಿ, ಆಮೇಲೆ ಹೋಳಿಗೆಗೆ ಕೈ ಹಾಕುತ್ತಾನೆ. ಇದನ್ನು ಒಬ್ಬನೇ ಕುಡಿಯುವುದೂ ಇಲ್ಲ. ಬರ ಬಂದರೆ ಓಣಿಗೆಲ್ಲ ಬರುತ್ತದೆ. ಅದಕ್ಕೇ ಏನೋ, ಹಾದು ಹೋಗುವವನನ್ನೂ ಕರೆದು ಕುಡಿಸುವುದು.

ಊಟವಾದ ಮೇಲೆ ಹಿರಿಯರು ಪಂಚಾಂಗ ಕೇಳಲು ಗುಡಿಯ ಕಟ್ಟೆಗೆ ಹೋಗುತ್ತಾರೆ. ಈ ಸಲ ಯಾವ ಮಳೆ ಹೇಗಿದೆ, ಜೋಳಕ್ಕೆ ಹೇಗೆ, ಇಂಡಿ ತಾಲ್ಲೂಕಿನ ಲಿಂಬೆತೋಟಗಳಿಗೆ ನೀರು ಉಳಿಯುತ್ತದೋ ಇಲ್ಲವೋ ಎಂದು ಮಾತು ಬೆಳೆಯುತ್ತದೆ.