ಹತ್ತು ನಿಮಿಷದ ಹೇಸಿಗೆ

ಬೆಳಗಿನ ಕಾಫಿಯ ಲೋಟ ಕೈಯಲ್ಲಿ ಹಿಡಿದು ಈ ಪುಟ ತೆರೆಯುವ ಓದುಗರ ಮುಂದೆ ಕಕ್ಕಸಿನ ವಿಷಯವೆತ್ತುವುದು ಸಭ್ಯತೆಯಲ್ಲವೆಂದು ಬಲ್ಲೆ. ಅದಕ್ಕೆಂದೇ ಎರಡು ದಿನ ಬೇರೆ ಪದ ಹುಡುಕಿದೆ. ಶೌಚಾಲಯವೆಂದರೆ ಸರಕಾರಿ ಫಲಕ ಓದಿದಂತಾಗುತ್ತದೆ. ಟಾಯ್ಲೆಟ್ ಎಂದರೆ ಹೋಟೆಲಿನ ಮಾತು. ಬಾತ್‌ರೂಮ್ ಎಂದರೆ ಸುಳ್ಳು. ನಮ್ಮ ಮನೆಯ ಹಿರಿಯರು ಹೇಳುತ್ತಿದ್ದುದು ಕಕ್ಕಸು. ಅದು ಮೂಲದಲ್ಲಿ ಡಚ್ಚರ ಮಾತಂತೆ, ತಮಿಳರ ಬಾಯಿಂದ ನಮ್ಮ ಬಾಯಿಗೆ ಬಂತಂತೆ. ದಿನವೂ ಬೇಕಾಗುವ ಜಾಗಕ್ಕೆ ನಮ್ಮದೇ ಒಂದು ಹೆಸರಿಡುವುದಕ್ಕೂ ಹೇಸಿ, ಹೆಸರನ್ನು ಕೂಡ ಹೊರಗಿನವರಿಂದ ತರಿಸಿಕೊಂಡಂತಿದೆ. ಇರಲಿ.

ಆದದ್ದಿಷ್ಟು. ಗೌರಿ ಹಬ್ಬದ ಹಿಂದಿನ ದಿನ ಮಗಳು, ಅಳಿಯ, ಮೊಮ್ಮಗಳು ಬೆಂಗಳೂರಿನಿಂದ ಮೈಸೂರಿಗೆ ಬಂದಿದ್ದರು. ನಮ್ಮದು ತಂದೆಯವರ ಕಾಲದ ಹಳೆಯ ಮನೆ. ಇರುವುದು ಒಂದೇ ಕಕ್ಕಸು. ಬೆಳಗ್ಗೆ ಎಂಟರ ಹೊತ್ತಿಗೆ ಅದು ಕಟ್ಟಿಕೊಂಡಿತು. ಫ್ಲಶ್ ಒತ್ತಿದರೆ ನೀರು ಇಳಿಯುವ ಬದಲು ಏರಿ ಬಂದು, ಅಂಚಿಗೆ ಎರಡು ಬೆರಳು ಕೆಳಗೆ ನಿಂತಿತು. ಮನೆಮಂದಿಯೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತು ಇಣುಕಿ ನೋಡಿ ಹಿಂದೆ ಸರಿದರು. ನಾನೂ ಸರಿದೆ.

ಎಂದಿನ ಪ್ಲಂಬರಿಗೆ ಫೋನ್ ಮಾಡಿದರೆ ಅವನು ಹಬ್ಬಕ್ಕೆ ಊರಿಗೆ ಹೋಗಿದ್ದ. "ಹಬ್ಬ ಮುಗಿಸ್ಕೊಂಡು ಬರ್ತೀನಿ ಸಾರ್, ಚೇಂಬರೂ ನೋಡ್ಬೇಕಾಗುತ್ತೆ" ಎಂದ. ಇನ್ನಿಬ್ಬರು ಫೋನನ್ನೇ ಎತ್ತಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ರಾಯರು ಕಾಂಪೌಂಡಿನಾಚೆಯಿಂದ ಒಂದು ಉಪಾಯ ಹೇಳಿದರು: "ಆ ಕಡೆ ಕಾಲೋನಿಯಿಂದ ಯಾರನ್ನಾದರೂ ಕರಕೊಂಡು ಬನ್ನಿ. ಇನ್ನೂರು ಜಾಸ್ತಿ ಕೊಟ್ಟರೆ ಕೈ ಹಾಕಿ ತೆಗೆದುಕೊಟ್ಟು ಹೋಗ್ತಾರೆ."

ರಾಯರು ಒಳ್ಳೆಯವರು; ನನ್ನ ಕಷ್ಟಕ್ಕೆ ಆಗಲೆಂದೇ ಹೇಳಿದ್ದು. ನಾನೂ ಅಂಗಿಯ ಜೇಬಿನಲ್ಲಿ ಎಷ್ಟಿದೆಯೆಂದು ನೋಡಿಕೊಂಡದ್ದು ನಿಜ. ಆದರೆ 'ಕೈ ಹಾಕಿ' ಎಂಬ ಮಾತು ಎಲ್ಲಿಯೋ ಸಿಕ್ಕಿಕೊಂಡಿತು. ಒಳಗಿರುವುದು ನನ್ನ ಮನೆಯವರದು. ಕೈ ಮಾತ್ರ ಬೇರೆಯವರದಾಗಬೇಕು. ಅದರ ಬೆಲೆ ಇನ್ನೂರು.

ನನ್ನಾಕೆಗೆ, "ನಾನೇ ನೋಡ್ತೀನಿ" ಎಂದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಯಂತ್ರವನ್ನು ತಿಳಿಯಬೇಕಷ್ಟೆ. ಬಟ್ಟಲಿನ ಕೆಳಗೆ ಕೊಳವೆ ನೇರವಾಗಿ ಹೋಗುವುದಿಲ್ಲ. ಇಳಿದು, ಹಂಸದ ಕೊರಳಿನಂತೆ ಮೇಲಕ್ಕೆ ಬಾಗಿ, ಮತ್ತೆ ಇಳಿಯುತ್ತದೆ. ಆ ಬಾಗಿನಲ್ಲಿ ಸುಮಾರು ಎರಡಂಗುಲ ನೀರು ಸದಾ ನಿಂತಿರುತ್ತದೆ. ಚರಂಡಿಯ ಗಾಳಿ ಮನೆಯೊಳಕ್ಕೆ ಬಾರದಂತೆ ತಡೆಯುವುದು ಆ ಎರಡಂಗುಲ ನೀರೇ. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬ ಸ್ಕಾಟ್‌ಲೆಂಡಿನವನು 1775ರಲ್ಲಿ ಇಂಥ ಬಾಗಿನ ಕಕ್ಕಸಿಗೆ ಪೇಟೆಂಟ್ ಪಡೆದ. ಕಟ್ಟಿಕೊಳ್ಳುವುದೂ ಸಾಮಾನ್ಯವಾಗಿ ಆ ಬಾಗಿನಲ್ಲಿಯೇ. ಅಂದರೆ ಶತ್ರು ಇರುವುದು ಮೊಳದ ದೂರದಲ್ಲಿ. ನಾವು ಅವನನ್ನು ಪಾತಾಳದಲ್ಲಿ ಕಲ್ಪಿಸಿಕೊಂಡು ಹೆದರುತ್ತೇವೆ.

ಆಸಿಡ್ ಸುರಿಯಿರೆಂದು ಅಳಿಯ ಹೇಳಿದ. ಬೇಡವೆಂದೆ. ಮೊದಲೇ ಯಾರಾದರೂ ಬ್ಲೀಚಿಂಗ್ ಪುಡಿ ಹಾಕಿದ್ದರೆ ಎರಡೂ ಸೇರಿ ಕ್ಲೋರಿನ್ ಗಾಳಿ ಎದ್ದು ಎದೆ ಹಿಡಿದುಬಿಡುತ್ತದೆ. ಮಗಳು ಅಡಿಗೆ ಸೋಡಾ ಮತ್ತು ವಿನಿಗರ್ ಎಂದಳು. ಅದು ನೊರೆಯ ವೈಭವವೇ ಹೊರತು ಬಲ ಸಾಲದು. ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ಅರ್ಧ ಲೋಟ ಸುರಿದೆ. ಅರ್ಧ ಗಂಟೆ ಬಿಟ್ಟು, ಸ್ನಾನಕ್ಕೆ ಕಾಯಿಸುವಷ್ಟು ಬಿಸಿನೀರನ್ನು ಅರ್ಧ ಬಕೆಟ್ಟಿನಷ್ಟು ತಂದು ಸೊಂಟದೆತ್ತರದಿಂದ ಒಂದೇ ಧಾರೆಯಾಗಿ ಸುರಿದೆ. ಕುದಿಯುವ ನೀರಾಗಕೂಡದು, ಪಿಂಗಾಣಿ ಬಿರಿದೀತು. ನೀರು ಏರಿತು, ಒಂದು ಸಲ 'ಗುಳಕ್' ಎಂದಿತು, ಮತ್ತೆ ಸುಮ್ಮನಾಯಿತು.

ಇನ್ನು ಉಳಿದದ್ದು ಕೋಲು. ನೆಲ ಒರೆಸುವ ಹಳೆಯ ಕೋಲಿನ ತುದಿಗೆ ಹರಕು ಪಂಚೆಯನ್ನು ಉಂಡೆ ಕಟ್ಟಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಚೀಲ ಬಿಗಿದು, ಸೆಣಬಿನ ಹುರಿಯಿಂದ ಸುತ್ತಿದೆ. ಎರಡು ಕೈಗಳಿಗೂ ಮೊಳಕೈತನಕ ಚೀಲ. ಬಟ್ಟಲಿನ ಕುತ್ತಿಗೆಗೆ ಆ ಉಂಡೆಯನ್ನು ಒತ್ತಿ ಎಳೆಯಬೇಕು. ಒತ್ತುವುದಕ್ಕಿಂತ ಎಳೆಯುವುದರಲ್ಲಿಯೇ ಗುಟ್ಟಿದೆ: ಸಿಕ್ಕಿಕೊಂಡದ್ದನ್ನು ಮುಂದಕ್ಕೆ ತಳ್ಳಿದರೆ ಅದು ಇನ್ನೂ ಬಿಗಿಯುತ್ತದೆ, ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿದರೆ ಸಡಿಲುತ್ತದೆ. ಕಾಲು ಗಂಟೆಯ ಮೇಲೆ ಏನೋ ಬಿಳಿಯದು ತಲೆ ತೋರಿಸಿತು. ಹಿಡಿದು ಎಳೆದೆ. ಮೊಮ್ಮಗಳನ್ನು ಒರೆಸುವ ಒದ್ದೆ ಕಾಗದಗಳು, ಏಳೆಂಟು, ಜಡೆಯಂತೆ ಹೆಣೆದುಕೊಂಡಿದ್ದವು. ಕಾಗದವೆಂದು ಹೆಸರು, ನಿಜವಾಗಿ ಬಟ್ಟೆಯ ಜಾತಿ, ನೀರಿನಲ್ಲಿ ಕರಗುವುದಿಲ್ಲ. ಅವು ಬಂದೊಡನೆ ನೀರು ದೊಡ್ಡ ನಿಟ್ಟುಸಿರು ಬಿಟ್ಟು ಇಳಿದುಹೋಯಿತು. ಬಾಗಿಲಾಚೆಯಿಂದ ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹೇಳಬೇಕಾದದ್ದು ಬೇರೊಂದಿದೆ. ಮೊದಲ ಸಲ ಆ ನೀರಿನ ಮೇಲೆ ಬಗ್ಗಿದಾಗ ಹೊಟ್ಟೆ ತೊಳಸಿ ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು, ಎರಡು ಸಲ ಹೊರಗೆ ಹೋಗಿ ನಿಂತು ಬಂದೆ. ಗೋಡೆಯ ಗಡಿಯಾರ ಅಲ್ಲಿಂದಲೇ ಕಾಣುತ್ತಿತ್ತು. ಹತ್ತು ಗಂಟೆ ಐದು ನಿಮಿಷ. ಕೋಲನ್ನು ಹೇಗೆ ಓರೆ ಮಾಡಬೇಕು, ಚೀಲ ಎಲ್ಲಿ ಗಾಳಿ ಬಿಡುತ್ತಿದೆ ಎಂಬ ಯೋಚನೆ ಹತ್ತಿದ ಮೇಲೆ ಮತ್ತೆ ಗಡಿಯಾರ ನೋಡಿದಾಗ ಹತ್ತೂಕಾಲು. ಓಕರಿಕೆ ಯಾವಾಗ ಹೋಯಿತೋ ತಿಳಿಯಲೇ ಇಲ್ಲ. ವಾಸನೆ ಹೋಗಿರಲಿಲ್ಲ, ಹೇಸಿಗೆ ಹೋಗಿತ್ತು. ಹತ್ತು ನಿಮಿಷ ಹಿಡಿಯಿತು, ಅಷ್ಟೆ.

ಎಪ್ಪತ್ತೆರಡು ವರ್ಷ ನಾನು ಇದನ್ನು ನನ್ನ ಸ್ವಭಾವವೆಂದು ತಿಳಿದಿದ್ದೆ. "ಅವನಿಗೆ ಹೇಸಿಗೆ ಜಾಸ್ತಿ" ಎಂದು ಮನೆಯಲ್ಲಿ ಹೆಮ್ಮೆಯ ಧ್ವನಿಯಲ್ಲಿಯೇ ಹೇಳುತ್ತಿದ್ದರು, ಸಂಗೀತದ ಕಿವಿ ಇದೆ ಎನ್ನುವ ಹಾಗೆ. 1988ರಲ್ಲಿ ತಂದೆಯವರಿಗೆ ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳು ಹಾಸಿಗೆ ಹಿಡಿದರು. ನಾನು ಅವರ ಒಬ್ಬನೇ ಮಗ. ಮೊದಲ ದಿನ ಬೆಡ್‌ಪ್ಯಾನ್ ಎತ್ತಲು ಹೋಗಿ, ಬಾಯಿ ಮುಚ್ಚಿಕೊಂಡು ಹೊರಗೆ ಓಡಿದೆ. ತಾಯಿಯೇ, "ಬಿಡು, ಅವನ ಕೈಲಿ ಆಗಲ್ಲ" ಎಂದರು. ಮರುದಿನದಿಂದ ಸಂಬಳಕ್ಕೆ ಒಬ್ಬ ಹುಡುಗ ಬಂದ. ನಿಷ್ಠೆಯ ಹುಡುಗ, ಅವನ ಮೇಲೆ ಒಂದು ದೂರೂ ಇಲ್ಲ. ಅವನು ಕೋಣೆಯೊಳಗೆ ಹೋದೊಡನೆ ತಂದೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಒಂದು ದಿನ ಅವರ ತೊದಲು ಮಾತು ಜಗಲಿಯ ತನಕ ಕೇಳಿಸಿತು: "ಮಗು ಎಲ್ಲಿ?" ನನ್ನನ್ನು ಅವರು ಕೊನೆಯವರೆಗೂ ಮಗುವೆಂದೇ ಕರೆಯುತ್ತಿದ್ದರು. ನಾನು ಪತ್ರಿಕೆ ಓದುತ್ತ ಜಗಲಿಯ ಮೇಲೆಯೇ ಕುಳಿತಿದ್ದೆ. ಹುಡುಗ ಕೈ ತೊಳೆದು ಹೊರಗೆ ಬಂದ ಮೇಲೆ ಒಳಗೆ ಹೋದೆ.

ಆ ದಿನ ಹೊರಗೆ ಓಡದೆ ಹತ್ತು ನಿಮಿಷ ನಿಂತಿದ್ದರೆ ಸಾಕಿತ್ತು. ಇದು ನನಗೆ ಮೂವತ್ತು ವರ್ಷದ ಮೇಲೆ, ಕಕ್ಕಸಿನ ಮುಂದೆ ಕೋಲು ಹಿಡಿದು ನಿಂತಾಗ ತಿಳಿಯಿತು.

ಕೆಲಸ ಮುಗಿಸಿ ಹಿತ್ತಿಲಿಗೆ ಬಂದು ಕೋಲನ್ನು ತೊಳೆಯುತ್ತಿದ್ದೆ. ನನ್ನಾಕೆ ಕಾಫಿ ತಂದಳು. ಹಿತ್ತಿಲ ಬಾಗಿಲಿನ ಮೆಟ್ಟಿಲ ಮೇಲೆ, ನನ್ನಿಂದ ನಾಲ್ಕು ಮಾರು ದೂರದಲ್ಲಿ ಲೋಟ ಇಟ್ಟು, "ಸ್ನಾನ ಆಗೋವರೆಗೂ ಒಳಗೆ ಬರಬೇಡಿ, ಏನೂ ಮುಟ್ಟಬೇಡಿ" ಎಂದು ಒಳಗೆ ಹೋದಳು. ತಪ್ಪೇನು? ಶುಚಿಯ ಮಾತು, ಯಾವ ಡಾಕ್ಟರಾದರೂ ಅದನ್ನೇ ಹೇಳಿಯಾನು. ಆದರೆ ದೂರದಲ್ಲಿಟ್ಟ ಆ ಲೋಟವನ್ನು ನೋಡಿದೊಡನೆ ಬಾಲ್ಯದ ಒಂದು ಚಿತ್ರ ಕಣ್ಣಿಗೆ ಕಟ್ಟಿತು.

ನಮ್ಮ ಮನೆಯ ಹಿಂದೆ ಒಂದು ಇಕ್ಕಟ್ಟಾದ ಗಲ್ಲಿಯಿದೆ. 1898ರ ಪ್ಲೇಗಿನ ನಂತರ ಬೆಂಗಳೂರು ಮೈಸೂರುಗಳಲ್ಲಿ ಎದ್ದ ಬಡಾವಣೆಗಳಲ್ಲಿ ಇಂಥ ಕನ್ಸರ್ವೆನ್ಸಿ ಗಲ್ಲಿಗಳು ಬಹಳ. ಮುಂದಿನ ಬೀದಿ ಮನುಷ್ಯರಿಗೆ, ಹಿಂದಿನ ಗಲ್ಲಿ ಮಲ ಹೊರುವವರಿಗೆ. ಆಗ ನಮ್ಮ ಕಕ್ಕಸು ಹಿತ್ತಿಲ ಕೊನೆಯಲ್ಲಿತ್ತು. ಅದರ ಹಿಂಗೋಡೆಯಲ್ಲಿ ಗಲ್ಲಿಗೆ ತೆರೆಯುವ ಸಣ್ಣ ತಗಡಿನ ಬಾಗಿಲು. ಬೆಳಗ್ಗೆ ಆರಕ್ಕೆ ತಗಡು ಕಿರ್ರೆನ್ನುತ್ತಿತ್ತು. ಆಗ ಯಾರೂ ಹಿತ್ತಿಲಿಗೆ ಹೋಗಕೂಡದು. ಹಬ್ಬದ ದಿನ ಮಾತ್ರ ಅವಳು ಗಲ್ಲಿಯ ಬಾಗಿಲಲ್ಲಿ ನಿಂತು, "ಅಮ್ಮಾವ್ರೇ" ಎಂದು ಕೂಗುತ್ತಿದ್ದಳು. ತಾಯಿ ಅನ್ನ ಸಾರು ಹೋಳಿಗೆಗಳನ್ನು ಅವಳ ಪಾತ್ರೆಗೆ ಮೇಲಿನಿಂದ ಹಾಕುತ್ತಿದ್ದರು, ಪಾತ್ರೆಗೆ ಪಾತ್ರೆ ತಾಗದಂತೆ. ನನ್ನ ತಾಯಿ ಕರುಣಾಳು. ತನ್ನ ಪಾಲಿನ ಹೋಳಿಗೆಯನ್ನೂ ಹಾಕುತ್ತಿದ್ದರೆಂದು ಬಲ್ಲೆ. ಆದರೆ ಅವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಸುವಿಗೂ ಹೆಸರಿತ್ತು.

ನಾನು ಎರಡು ತಂಬಿಗೆ ನೀರು ಸುರಿದುಕೊಂಡು ಒಳಗೆ ಹೋದೆ. ಊಟದ ಎಲೆಯ ಮುಂದೆ ಕುಳಿತೆ. ಅವಳು ಎಷ್ಟು ತಂಬಿಗೆ ಸುರಿದುಕೊಳ್ಳಬೇಕಾಗಿತ್ತು?

ಕಾನೂನು ಸುಮ್ಮನೆ ಕುಳಿತಿಲ್ಲವೆನ್ನುವುದನ್ನೂ ಹೇಳಬೇಕು. 1970ರ ದಶಕದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆಗಳು 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಬಂದವು. ಇವುಗಳ ನಡುವೆ, 2010ರ ಜುಲೈಯಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಆ ಕೆಲಸಕ್ಕೇ ಕಟ್ಟುಬಿದ್ದಿದ್ದ ಕುಟುಂಬಗಳವರು ಪುರಸಭೆಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಿದರು. ಚರಂಡಿಗೆ ಇಳಿದು ಸತ್ತವರ ಮನೆಯವರಿಗೆ ಹತ್ತು ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರುತ್ತಿದೆಯೆಂದರೆ ಸಾವು ನಿಂತಿಲ್ಲವೆಂದೇ ಅರ್ಥ. ಮ್ಯಾನ್‌ಹೋಲಿನೊಳಗಿನ ಹೈಡ್ರೋಜನ್ ಸಲ್ಫೈಡ್ ಎಂಬ ಗಾಳಿಗೆ ಕೊಳೆತ ಮೊಟ್ಟೆಯ ವಾಸನೆ. ಅದು ಹೆಚ್ಚಾದಾಗ ಮೊದಲು ಮೂಗನ್ನೇ ಕೊಲ್ಲುತ್ತದೆ. ವಾಸನೆ ಹೋಯಿತೆಂದು ಕೆಳಗಿನವನು ತಿಳಿಯುತ್ತಾನೆ. ಕಮಿಂಗನ ಎರಡಂಗುಲ ನೀರು ನಮ್ಮನ್ನು ಕಾಯುವುದು ಇಂಥ ಗಾಳಿಯಿಂದ. ಅವನನ್ನು ಕಾಯುವುದಕ್ಕೆ ಅಲ್ಲಿ ಏನೂ ಇಲ್ಲ.

ಸಂಜೆ ಈ ಮಾತನ್ನೆಲ್ಲ ತತ್ತ್ವಶಾಸ್ತ್ರ ಕಲಿಸಿ ನಿವೃತ್ತನಾದ ಗೆಳೆಯನಿಗೆ ಹೇಳಿದೆ. ಅವನು ನಕ್ಕ. "ನೀನು ನಿನ್ನ ಕಕ್ಕಸು ಬಿಡಿಸಿಕೊಂಡಿದ್ದರಿಂದ ಒಬ್ಬನ ಒಂದು ದಿನದ ಕೂಲಿ ಹೋಯ್ತು. ಅವನಿಗೆ ನಿನ್ನ ಪಶ್ಚಾತ್ತಾಪ ಬೇಡ ಕಣಯ್ಯ, ಐನೂರು ರೂಪಾಯಿ ಬೇಕು. ಬಟ್ಟೆ ಹೊಲೆಯೋದಕ್ಕೆ ದರ್ಜಿ ಇದ್ದ ಹಾಗೆ ಇದಕ್ಕೂ ಒಬ್ಬ."

ವಾದ ಗಟ್ಟಿಯಾಗಿದೆ; ಅರ್ಧ ಒಪ್ಪಿದೆ. ಪ್ಲಂಬರನಿಗೆ ದುಡ್ಡು ಕೊಟ್ಟು ಕೆಲಸ ಮಾಡಿಸುವುದರಲ್ಲಿ ಪಾಪವೇನಿಲ್ಲ. ಆದರೆ ಅವನು ಪ್ಲಂಬರಾಗಿ ಹುಟ್ಟಲಿಲ್ಲ. ಬೇಡವೆನಿಸಿದರೆ ನಾಳೆ ಆಟೋ ಓಡಿಸಿಯಾನು. ಗಲ್ಲಿಯವಳಿಗೆ ಆ ಬಾಗಿಲಿರಲಿಲ್ಲ. ಶಸ್ತ್ರಚಿಕಿತ್ಸೆಯ ಡಾಕ್ಟರೂ ನಾವು ನೋಡಲಾಗದ್ದರಲ್ಲಿ ಕೈ ಹಾಕುತ್ತಾನೆ. ಹೊರಗೆ ಬಂದಾಗ ಎದ್ದು ನಿಂತು ಕೈಮುಗಿಯುತ್ತೇವೆ. ಹೇಸಿಗೆ ವಸ್ತುವಿನಲ್ಲಿದ್ದಿದ್ದರೆ ಇಬ್ಬರಿಗೂ ಒಂದೇ ಮರ್ಯಾದೆ ಸಿಗಬೇಕಿತ್ತು. ಇದಕ್ಕೆ ಗೆಳೆಯ, "ಡಾಕ್ಟರ ಓದು ಎಷ್ಟು ವರ್ಷದ್ದು!" ಎಂದ. ನಾನು ಬಿಡಲಿಲ್ಲ, ಅವನೂ ಬಿಡಲಿಲ್ಲ. ಕಾಫಿ ಆರಿತು.

ಒಂದನ್ನು ಮಾತ್ರ ಅವನೆದುರು ಹೇಳಲಿಲ್ಲ. ನನ್ನ ಸಾಹಸವನ್ನು ಅಂದು ನಾನು ಎಷ್ಟು ಜನರಿಗೆ ಹೇಳಿದೆನೋ! "ಇದು ಆರನೆಯ ಸಲ" ಎಂದು ನನ್ನಾಕೆ ಒಳಗಿನಿಂದಲೇ ಲೆಕ್ಕ ಕೊಟ್ಟಳು. ದಿನವೂ ಮಾಡುವವನು ಯಾರಿಗೂ ಹೇಳುವುದಿಲ್ಲ. ಹೇಳುವುದಿರಲಿ, ಮಕ್ಕಳ ಶಾಲೆಯ ಅರ್ಜಿಯಲ್ಲಿ ಮುಚ್ಚಿಡುತ್ತಾನೆ. ನಾನು ಒಂದು ಗಂಟೆ ಮಾಡಿ ಗಾಂಧಿಯಾಗಲು ಹೊರಟಿದ್ದೆ. ಆ ರಾತ್ರಿ ನನ್ನಾಕೆಗೆ ಆ ಲೋಟದ ಬಗ್ಗೆ ಉಪದೇಶವನ್ನೂ ಶುರುಮಾಡಿದ್ದೆ. ಗಾಂಧಿಯವರು ಡರ್ಬನ್ನಿನ ಮನೆಯಲ್ಲಿ, ಪಂಚಮರಾಗಿ ಹುಟ್ಟಿದ್ದ ಗುಮಾಸ್ತನ ಮಲಪಾತ್ರೆಯನ್ನು ಕಸ್ತೂರಬಾ ನಗುನಗುತ್ತ ಎತ್ತಲಿಲ್ಲವೆಂದು ರೇಗಿ, ಅವರ ಕೈಹಿಡಿದು ಗೇಟಿನ ತನಕ ಎಳೆದುಕೊಂಡು ಹೋದದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಹೆಮ್ಮೆಯಿಂದಲ್ಲ, ನಾಚಿಕೆಯಿಂದ. ಅದು ನೆನಪಾಗಿ ಅಲ್ಲಿಗೇ ಉಪದೇಶ ನಿಲ್ಲಿಸಿದೆ. ನಾಲ್ಕು ತಿಂಗಳು ನನ್ನ ತಂದೆಯ ಹಾಸಿಗೆ ಬಟ್ಟೆ ಒಗೆದವಳು ಅವಳು.

ಹಬ್ಬ ಮುಗಿಸಿಕೊಂಡು ಪ್ಲಂಬರ್ ಬಂದ. ಗಲ್ಲಿಯ ಚೇಂಬರಿನ ಮುಚ್ಚಳ ತೆಗೆದು, ಬರಿಗೈ ಇಳಿಬಿಡಲು ಹೊರಟವನಿಗೆ ರಬ್ಬರಿನ ಕೈಚೀಲ ಕೊಟ್ಟೆ. "ಇದೆಲ್ಲ ಯಾಕೆ ಸಾರ್" ಎಂದು ನಕ್ಕು ತೊಟ್ಟುಕೊಂಡ. ಕೆಲಸವಾದ ಮೇಲೆ ಸೋಪು ಹಾಕಿ ಕೈಕಾಲು ತೊಳೆದು ಮೆಟ್ಟಿಲ ಮೇಲೆ ಕುಳಿತ, ನಾನೂ ಕುಳಿತೆ. ನನ್ನಾಕೆ ಎಂದಿನ ಪೇಪರ್ ಕಪ್ಪನ್ನು ಬಿಟ್ಟು ಎರಡು ಸ್ಟೀಲು ಲೋಟಗಳಲ್ಲಿ ಕಾಫಿ ತಂದು ಕೈಗೆ ಕೊಟ್ಟಳು. ಊರಿನ ಮಳೆಯ ಮಾತು, ಮಗನ ಐಟಿಐ ಮಾತು ಹೇಳಿಕೊಂಡು ಕುಡಿದು, ಹಣ ತೆಗೆದುಕೊಂಡು ಹೊರಟ. ಲೋಟಗಳನ್ನು ನಾನೇ ತೊಳೆಯುತ್ತೇನೆಂದು ಬಚ್ಚಲಿಗೆ ಒಯ್ದೆ. ನನ್ನದನ್ನು ತೊಳೆದು ಬೋರಲು ಹಾಕಿದೆ. ಅವನದಕ್ಕೆ ಎರಡನೆಯ ಸಲ ಸೋಪು ಹಾಕುತ್ತಿದ್ದೇನೆಂದು ನನಗೆ ತಿಳಿದದ್ದು ಅರ್ಧ ತೊಳೆದ ಮೇಲೆ.